ಮುಟ್ಟು ನಿಲ್ಲುವ ಕಾಲದ ಮೂಲಿಕೆಯ ಮಾತ್ರೆಗಳು

(ಸಂಘದ ಮಹಿಳಾ ಶಾಖೆಯ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಮಾತನಾಡಲು ನಿಂತವರು ಕದಂಬರಿಂದ ಹೊರಟು, ವಿಜಯನಗರದ ಮೇಲೆ ಹಾಯ್ದು, ಏಕೀಕರಣಕ್ಕೆ ಬಂದು ನಿಲ್ಲುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ. ನಲವತ್ತೈದು ದಾಟಿದ ನಮ್ಮ ಹೆಂಗಸರು, ಮುಟ್ಟು ನಿಲ್ಲುವ ಕಾಲದಲ್ಲಿ, ಯಾರನ್ನೂ ಕೇಳದೆ ಕೊಂಡು ಸೇವಿಸುತ್ತಿರುವ ಮೂಲಿಕೆಯ ಮಾತ್ರೆ, ಪುಡಿ, ಕಷಾಯಗಳ ವಿಷಯ. ಗಂಡಸರೂ ಕುಳಿತಿರುವ ಸಭೆಯಲ್ಲಿ ಇದನ್ನು ಎತ್ತುವುದೇ ಎಂದು ಕೆಲವರು ಸಂಕೋಚಪಟ್ಟರು. ಬಹಳ ಮನೆಗಳಲ್ಲಿ ಮಾತ್ರೆಗೆ ದುಡ್ಡು ಕೊಡುವವರು ಅವರೇ ಆದುದರಿಂದ ಅವರೂ ಕೇಳಲಿ ಎಂದು ಕೊನೆಗೆ ತೀರ್ಮಾನವಾಯಿತು.

ಮೊದಲೇ ಹೇಳಿಬಿಡುತ್ತೇವೆ, ನಾವು ವೈದ್ಯರಲ್ಲ. ಓದಿದ್ದು ಬಿ.ಕಾಂ., ಹೊಟ್ಟೆಪಾಡು ಬ್ಯಾಂಕಿನ ಗುಮಾಸ್ತಗಿರಿ. ಯಾವ ಕಾಗದ ಕೈಗೆ ಬಂದರೂ ಅಂಕಿ ತಾಳೆಯಾಗುತ್ತದೆಯೇ, ಕೆಳಗೆ ಸಹಿ ಯಾರದು ಎಂದು ನೋಡುವ ಚಾಳಿಯೊಂದು ನಮಗೆ ಅಂಟಿಕೊಂಡಿದೆ. ಆ ಚಾಳಿಯಿಂದಲೇ ಈ ಸೀಸೆಗಳ ಚೀಟಿಗಳನ್ನೂ, ಅವುಗಳ ಬಗ್ಗೆ ನಡೆದಿರುವ ಪರೀಕ್ಷೆಗಳ ವರದಿಗಳನ್ನೂ ಓದಿದೆವು. ಇಲ್ಲಿ ಹೇಳುವುದೆಲ್ಲ ಹಾಗೆ ಓದಿ ತಿಳಿದದ್ದು.

ಕಳೆದ ಶ್ರಾವಣದಲ್ಲಿ ಮಹಿಳಾ ಶಾಖೆಯವರು, ಮನೆಯ ಕಪಾಟಿನಲ್ಲಿ ಇಂಥ ಸೀಸೆಯಿದ್ದರೆ ಹೆಸರು ಹೇಳದೆ ತಂದು ಮೇಜಿನ ಮೇಲಿಡಿ ಎಂದು ಕೇಳಿಕೊಂಡರು. ಒಂದೋ ಎರಡೋ ಬಂದಾವು ಎಂದಿದ್ದೆವು, ಹನ್ನೊಂದು ಬಂದವು. ಸೋಯಾ ಅವರೆಯ ಸಾರದ ಮಾತ್ರೆ, ಕೆಂಪು ಕ್ಲೋವರ್ ಎಂಬ ವಿಲಾಯಿತಿ ಮೇವಿನ ಮಾತ್ರೆ, ಅಮೆರಿಕದ ಕಾಡಿನ ಬ್ಲ್ಯಾಕ್ ಕೊಹಾಷ್ ಎಂಬ ಬೇರಿನ ಗುಳಿಗೆ, ಅಗಸೆ ಎಣ್ಣೆಯ ಗುಂಡು, ನಮ್ಮ ಶತಾವರಿ, ಅಶೋಕದ ತೊಗಟೆಯ ಕಷಾಯ, ಜ್ಯೇಷ್ಠಮಧು ಸೇರಿದ ಒಂದು ಪುಡಿ. ಬೆಲೆ ತಿಂಗಳಿಗೆ ಇನ್ನೂರು ರೂಪಾಯಿಯಿಂದ ಹಿಡಿದು ಎರಡು ಸಾವಿರದವರೆಗೆ. ಅವುಗಳಲ್ಲಿ ನಾಲ್ಕರ ಮೇಲೆ ಒಂದೇ ಮಾತಿತ್ತು: ‘ನೈಸರ್ಗಿಕ ಈಸ್ಟ್ರೊಜೆನ್, ಅಡ್ಡ ಪರಿಣಾಮವಿಲ್ಲ.’ ಈ ಒಂದು ವಾಕ್ಯವನ್ನು ಬಿಡಿಸಿ ನೋಡುವುದೇ ಇಂದಿನ ನಮ್ಮ ಕೆಲಸ.

ಈಸ್ಟ್ರೊಜೆನ್ ಎಂದರೇನು? ಹೆಣ್ಣಿನ ಅಂಡಾಶಯದಲ್ಲಿ ಹುಟ್ಟಿ ರಕ್ತದಲ್ಲಿ ಹರಿದಾಡುವ ರಸ. ಮೈನೆರೆಯುವುದರಿಂದ ಹಿಡಿದು ಮೂಳೆ ಗಟ್ಟಿಯಾಗಿರುವುದರವರೆಗೆ ಅನೇಕ ಕೆಲಸಗಳು ಅದರ ಕೈಯಲ್ಲಿವೆ. ೧೯೨೯ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಡಾಯ್ಸಿ, ಜರ್ಮನಿಯಲ್ಲಿ ಬುಟೆನಾಂಟ್, ಇಬ್ಬರೂ ಬೇರೆ ಬೇರೆಯಾಗಿ ಗರ್ಭಿಣಿಯರ ಮೂತ್ರದಿಂದ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ೧೯೪೨ರಲ್ಲಿ ಪ್ರೆಮಾರಿನ್ ಎಂಬ ಮಾತ್ರೆ ಅಮೆರಿಕದ ಪೇಟೆಗೆ ಬಂತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಅದು. ನಿಸರ್ಗದಿಂದ ಬಂದದ್ದು ಎಂಬ ಮಾತಿಗಷ್ಟೇ ಬೆಲೆ ಕೊಡುವುದಾದರೆ ಅದೂ ಶುದ್ಧ ನೈಸರ್ಗಿಕವೇ ತಾನೆ!

ನಮ್ಮ ದೇಶದ ಹೆಂಗಸರಿಗೆ ಸುಮಾರು ನಲವತ್ತಾರು ನಲವತ್ತೇಳರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಪಶ್ಚಿಮದವರಿಗೆ ಐವತ್ತೊಂದರ ಸುಮಾರು. ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟಾಗದಿದ್ದರೆ ಪೂರ್ತಿ ನಿಂತಿತೆಂದು ಲೆಕ್ಕ. ಆ ಹೊತ್ತಿನಲ್ಲಿ ಈಸ್ಟ್ರೊಜೆನ್ ಇಳಿದುಹೋಗುತ್ತದೆ. ಮೆದುಳಿನ ತಳದಲ್ಲಿ ಮೈಯ ಕಾವನ್ನು ಅಂಕೆಯಲ್ಲಿಡುವ ಒಂದು ಜಾಗವಿದೆ. ಅದು ಈ ಇಳಿತದಿಂದ ಮುಂಗೋಪಿಯಾಗುತ್ತದೆ. ಸ್ವಲ್ಪ ಸೆಕೆಯಾದರೂ ಸಾಕು, ಬೆಂಕಿ ಬಿದ್ದಂತೆ ಮುಖಕ್ಕೆ ರಕ್ತ ನುಗ್ಗಿಸಿ ಬೆವರು ಸುರಿಸುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಫ್ಯಾನು ಜೋರು ಮಾಡುವ ಅತ್ತೆಯನ್ನೂ, ಚಳಿಯೆಂದು ಅದನ್ನು ಆರಿಸುವ ಮಾವನನ್ನೂ ನೋಡದ ಮನೆ ಕಡಮೆ. ಇದು ನಾಲ್ಕು ದಿನದ ತೊಂದರೆಯೂ ಅಲ್ಲ. ಇದು ಮೇಲಿಂದ ಮೇಲೆ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಗೆ ಏಳು ವರ್ಷಕ್ಕಿಂತ ಹೆಚ್ಚು ಕಾಲ ಇರುತ್ತದೆಂದು ಅಮೆರಿಕದ ಒಂದು ದೀರ್ಘ ಅಧ್ಯಯನ ೨೦೧೫ರಲ್ಲಿ ತೋರಿಸಿತು. ‘ವಯಸ್ಸಿಗೆ ಇದ್ದದ್ದೇ, ಸುಮ್ಮನಿರು’ ಎನ್ನುವವರು ಏಳು ವರ್ಷ ಸರಿಯಾದ ನಿದ್ದೆಯಿಲ್ಲದೆ ಇದ್ದು ನೋಡಲಿ.

ಇನ್ನು ಗಿಡಕ್ಕೂ ಈ ರಸಕ್ಕೂ ಸಂಬಂಧ ಹೇಗೆ ಬಂತು? ಇದರ ಕಥೆ ಕುರಿಗಳಿಂದ ಆರಂಭವಾಗುತ್ತದೆ. ೧೯೪೦ರ ನಂತರದ ವರ್ಷಗಳಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುರಿಗಾರರಿಗೆ ದೊಡ್ಡ ಪೆಟ್ಟು ಬಿತ್ತು. ಹುಲ್ಲುಗಾವಲು ಹಸುರಾಗಿದೆ, ಕುರಿಗಳು ಕೊಬ್ಬಿವೆ, ಆದರೆ ಗಬ್ಬ ನಿಲ್ಲುತ್ತಿಲ್ಲ. ನಿಂತರೂ ಮರಿ ಸತ್ತು ಹುಟ್ಟುತ್ತದೆ, ಕೆಲವಕ್ಕೆ ಗರ್ಭಕೋಶವೇ ಹೊರಜಾರುತ್ತದೆ. ಬೀಜ ತೆಗೆದ ಟಗರುಗಳಿಗೂ ಕೆಚ್ಚಲು ಮೂಡಿ ಹಾಲು ಬಂತೆಂದರೆ ಆ ಜನ ಎಷ್ಟು ಗಾಬರಿಯಾಗಿರಬೇಕು! ಬೆನೆಟ್ಸ್ ಎಂಬ ಪಶುವೈದ್ಯರೂ ಅವರ ಸಂಗಡಿಗರೂ ೧೯೪೬ರಲ್ಲಿ ಕಾರಣವನ್ನು ಪ್ರಕಟಿಸಿದರು. ಕುರಿಗಳು ಮೇಯುತ್ತಿದ್ದುದು ಒಂದು ಜಾತಿಯ ಕ್ಲೋವರ್ ಸೊಪ್ಪು. ಮೂರೆಲೆಯ ಗಿಡ, ನಮ್ಮ ಮೆಂತ್ಯದ ಬಳಗದ್ದೇ. ಆ ಸೊಪ್ಪಿನಲ್ಲಿದ್ದ ಫಾರ್ಮೊನೊನೆಟಿನ್ ಎಂಬ ವಸ್ತು ಕುರಿಯ ಹೊಟ್ಟೆಯಲ್ಲಿ ಈಕ್ವಾಲ್ ಎಂಬ ಮತ್ತೊಂದಾಗಿ ಮಾರ್ಪಡುತ್ತದೆ, ಅದು ಈಸ್ಟ್ರೊಜೆನ್ನಿನ ವೇಷ ಹಾಕಿ ಕೆಲಸ ಮಾಡುತ್ತದೆ ಎಂಬ ವಿವರ ಮುಂದಿನ ವರ್ಷಗಳಲ್ಲಿ ತಿಳಿಯಿತು. ಆಮೇಲೆ ಆ ವಸ್ತು ಕಡಮೆಯಿರುವ ಕ್ಲೋವರ್ ತಳಿಗಳನ್ನು ಬೆಳೆಸಿ ತೊಂದರೆಯನ್ನು ತಗ್ಗಿಸಿದರು.

ಈ ಕಥೆಯನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ಮೂಲಿಕೆಯೆಂದರೆ ಏನೂ ಮಾಡದ ಸಾಧುಪ್ರಾಣಿ ಎಂದು ನಂಬುವವರು ನಮ್ಮಲ್ಲಿ ಒಂದು ಪಂಗಡ; ಎಲ್ಲ ಬರಿಯ ಮೋಸ, ಗಿಡದಲ್ಲಿ ಎಂಥ ಈಸ್ಟ್ರೊಜೆನ್ ಎನ್ನುವವರು ಇನ್ನೊಂದು ಪಂಗಡ. ಕುರಿಗಳು ಎರಡೂ ಪಂಗಡದವರ ಬಾಯಿ ಮುಚ್ಚಿಸಿವೆ. ಗಿಡದ ವಸ್ತು ಕೆಲಸ ಮಾಡಬಲ್ಲದು. ಮಾಡಬಲ್ಲದ್ದಾದರೆ, ಎಷ್ಟು ತಿಂದರೆ ಎಲ್ಲಿ ಎಷ್ಟು ಮಾಡುತ್ತದೆ ಎಂದು ಕೇಳುವ ಹಕ್ಕು ತಿನ್ನುವವರಿಗೆ ಬರುತ್ತದೆ.

ಸೋಯಾದಲ್ಲಿರುವ ಜೆನಿಸ್ಟೈನ್, ಡೈಡ್ಜೈನ್ ಎಂಬವೂ ಇದೇ ಕುಲದವು. ಈಸ್ಟ್ರೊಜೆನ್ ನಮ್ಮ ಜೀವಕಣಗಳಲ್ಲಿ ಬೀಗಕ್ಕೆ ಕೀಲಿಕೈಯಂತೆ ಕೂಡುತ್ತದೆ. ಬೀಗ ಒಂದೇ ಬಗೆಯದೆಂದು ಬಹಳ ಕಾಲ ತಿಳಿದಿದ್ದರು; ಇನ್ನೊಂದು ಬಗೆಯದೂ ಉಂಟೆಂದು ೧೯೯೬ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಕೊಂಡರು. ಸೋಯಾದ ಕೀಲಿಕೈ ಈ ಎರಡನೆಯ ಬೀಗಕ್ಕೆ ಹೆಚ್ಚು ಒಗ್ಗುತ್ತದೆ, ಅದೂ ಸಡಿಲವಾಗಿ. ನಮ್ಮ ಸ್ವಂತ ಈಸ್ಟ್ರೊಜೆನ್ನಿಗಿಂತ ಅದರ ಬಲ ಎಷ್ಟೋ ಪಾಲು ಕಡಮೆ. ಮೇಲಾಗಿ ಎಲ್ಲರ ಹೊಟ್ಟೆಯೂ ಒಂದೇ ಅಲ್ಲ. ಡೈಡ್ಜೈನನ್ನು ಕುರಿಯ ಹಾಗೆ ಈಕ್ವಾಲ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಪಶ್ಚಿಮದವರಲ್ಲಿ ಮೂರು ನಾಲ್ಕು ಜನರಲ್ಲಿ ಒಬ್ಬರ ಕರುಳಿನಲ್ಲಿ ಇದ್ದರೆ, ಜಪಾನು ಕೊರಿಯದ ಕಡೆಯವರಲ್ಲಿ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಜನರಲ್ಲಿವೆ. ಪಕ್ಕದ ಮನೆಯವರಿಗೆ ಹಿಡಿಸಿದ್ದು ನಿಮಗೆ ಏಕೆ ಹಿಡಿಸಲಿಲ್ಲ ಎಂಬುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹಾಗಾದರೆ ಇಷ್ಟು ದುರ್ಬಲ ವಸ್ತುವಿಗೆ ಇಷ್ಟು ದೊಡ್ಡ ಪೇಟೆ ಹೇಗೆ ಕುದುರಿತು? ಅದಕ್ಕೆ ೨೦೦೨ನೆಯ ಇಸವಿಯ ಜುಲೈ ತಿಂಗಳಿಗೆ ಹೋಗಬೇಕು. ಅಮೆರಿಕದಲ್ಲಿ ೧೬,೬೦೮ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು ನೋಡುತ್ತಿದ್ದರು. ಸರಾಸರಿ ಐದು ವರ್ಷ ಎರಡು ತಿಂಗಳಿಗೆ ಆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಸ್ತನದ ಕ್ಯಾನ್ಸರು ಹೆಚ್ಚಿತು, ಹೃದ್ರೋಗ ಹೆಚ್ಚಿತು ಎಂದು ಪತ್ರಿಕೆಗಳು ಬರೆದವು. ಲೋಕದ ಹೆಂಗಸರೆಲ್ಲ ಹೆದರಿ ಮಾತ್ರೆ ಬಿಟ್ಟರು. ಬಿಟ್ಟವರನ್ನು ಮೂಲಿಕೆಯ ವ್ಯಾಪಾರಿಗಳು ಎರಡೂ ಕೈಯಿಂದ ಬರಮಾಡಿಕೊಂಡರು.

ಅಂಕಿಗಳನ್ನು ನೋಡೋಣ. ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಸ್ತನದ ಕ್ಯಾನ್ಸರು ಹುಸಿಮಾತ್ರೆಯವರಲ್ಲಿ ೩೦, ನಿಜಮಾತ್ರೆಯವರಲ್ಲಿ ೩೮. ಪಾರ್ಶ್ವವಾಯು ೨೧ ಇದ್ದದ್ದು ೨೯ ಆಯಿತು. ಸೊಂಟದ ಮೂಳೆ ಮುರಿಯುವುದು ಮಾತ್ರ ೧೫ರಿಂದ ೧೦ಕ್ಕೆ ಇಳಿಯಿತು. ಹತ್ತು ಸಾವಿರಕ್ಕೆ ಎಂಟು ಹೆಚ್ಚು ಎಂಬುದು ಅಲಕ್ಷ್ಯ ಮಾಡುವ ಸಂಖ್ಯೆಯಲ್ಲ, ಮನೆ ಬಿಟ್ಟು ಓಡುವ ಸಂಖ್ಯೆಯೂ ಅಲ್ಲ. ಮುಖ್ಯವಾಗಿ, ಆ ಹೆಂಗಸರ ಸರಾಸರಿ ವಯಸ್ಸು ೬೩. ಈಗಷ್ಟೇ ಮುಟ್ಟು ನಿಂತ ನಲವತ್ತೆಂಟರವಳ ಲೆಕ್ಕ ಬೇರೆ. ಅರವತ್ತರ ಒಳಗಿನವರು, ಮುಟ್ಟು ನಿಂತು ಹತ್ತು ವರ್ಷವಾಗದವರು, ಬೇರೆ ಅಡ್ಡಿಯಿಲ್ಲದವರು, ಇಂಥವರಿಗೆ ಬಿಸಿ ಏರುವುದು ಬಹಳವಾಗಿದ್ದರೆ ಹಾರ್ಮೋನಿನ ಚಿಕಿತ್ಸೆಯಲ್ಲಿ ನಷ್ಟಕ್ಕಿಂತ ಲಾಭವೇ ಹೆಚ್ಚೆಂದು ಉತ್ತರ ಅಮೆರಿಕದ ಮೆನೊಪಾಸ್ ಸೊಸೈಟಿಯ ತಜ್ಞರು ೨೦೨೨ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಈ ಎರಡನೆಯ ಸುದ್ದಿ ನಮ್ಮ ಮನೆಗಳಿಗೆ ತಲುಪಲೇ ಇಲ್ಲ. ಹೆದರಿಸುವ ಸುದ್ದಿ ಮೋಟಾರಿನಲ್ಲಿ ಬರುತ್ತದೆ, ಸಮಾಧಾನದ ಸುದ್ದಿ ಎತ್ತಿನ ಗಾಡಿಯಲ್ಲಿ.

ಈಗ ಮೇಜಿನ ಮೇಲಿನ ಸೀಸೆಗಳಿಗೆ ಬರೋಣ. ‘ನಮ್ಮ ವೈನಿ ತಗೊಂಡರು, ಒಂದೇ ತಿಂಗಳಲ್ಲಿ ಅರ್ಧಕ್ಕರ್ಧ ಕಡಮೆಯಾಯಿತು’ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ವಿಚಿತ್ರವೆಂದರೆ, ಬರಿಯ ಹಿಟ್ಟಿನ ಮಾತ್ರೆ ಕೊಟ್ಟರೂ ಈ ತೊಂದರೆ ಹಾಗೆಯೇ ಕಡಮೆಯಾಗುತ್ತದೆ. ಕೆಂಪು ಕ್ಲೋವರಿನ ಪರೀಕ್ಷೆ ೨೦೦೩ರಲ್ಲಿ ಪ್ರಕಟವಾಯಿತು. ೨೫೨ ಹೆಂಗಸರು, ಹನ್ನೆರಡು ವಾರ, ಮೂರು ಗುಂಪು. ಎರಡು ಬಗೆಯ ಕ್ಲೋವರ್ ಮಾತ್ರೆ ತೆಗೆದುಕೊಂಡವರಲ್ಲಿ ಬಿಸಿ ಏರುವುದು ದಿನಕ್ಕೆ ೫.೧ ಮತ್ತು ೫.೪ ಸಲ ಕಡಮೆಯಾಯಿತು. ಹುಸಿಮಾತ್ರೆಯವರಲ್ಲಿ ಎಷ್ಟು? ೫.೦. ಈ ಮೂರು ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದಿಟ್ಟುಕೊಂಡು ನೋಡಿದಾಗ ನಮಗೆ ನಗುವೂ ಬಂತು, ಕೊಟ್ಟ ದುಡ್ಡು ನೆನೆದು ಕೋಪವೂ ಬಂತು.

ಬ್ಲ್ಯಾಕ್ ಕೊಹಾಷಿನದೂ ಹೆಚ್ಚುಕಡಮೆ ಇದೇ ಹಣೆಬರಹ. ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೩೫೧ ಹೆಂಗಸರನ್ನು ಒಂದು ವರ್ಷ ನೋಡಿದರು. ಈ ಬೇರಾಗಲಿ, ಹತ್ತು ಮೂಲಿಕೆಗಳ ಮಿಶ್ರಣವಾಗಲಿ ಹುಸಿಮಾತ್ರೆಯನ್ನು ಮೀರಲಿಲ್ಲ. ಹಾರ್ಮೋನಿನವರಿಗೆ ಮಾತ್ರ ದಿನಕ್ಕೆ ಸುಮಾರು ನಾಲ್ಕು ಸಲದಷ್ಟು ಹೆಚ್ಚಾಗಿ ಇಳಿಯಿತು. ಅಗಸೆಯನ್ನು ೧೮೮ ಹೆಂಗಸರ ಮೇಲೆ ಆರು ವಾರ ಪರೀಕ್ಷಿಸಿ ೨೦೧೨ರಲ್ಲಿ ಬರೆದರು: ಅಗಸೆ ತಿಂದವರಲ್ಲೂ, ಅಗಸೆಯಿಲ್ಲದ ತಿನಿಸು ತಿಂದವರಲ್ಲೂ, ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಿಗೆ ತೊಂದರೆ ಅರ್ಧಕ್ಕಿಳಿಯಿತು.

ಸೋಯಾದ ಪಕ್ಷದಲ್ಲಿ ಸ್ವಲ್ಪ ಸಾಕ್ಷ್ಯವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ೨೦೧೨ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದವರು, ಹುಸಿಮಾತ್ರೆಗಿಂತ ಸೋಯಾ ಸಾರ ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚು ಇಳಿಸುತ್ತದೆಂದರು. ಮರುವರ್ಷ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು ೪೩ ಪರೀಕ್ಷೆಗಳನ್ನು ತೂಗಿ, ಜೆನಿಸ್ಟೈನ್ ಹೆಚ್ಚಾಗಿರುವ ಸಾರವನ್ನು ಬಿಟ್ಟರೆ ಉಳಿದುದಕ್ಕೆ ಖಚಿತ ಆಧಾರವಿಲ್ಲವೆಂದರು. ಮೂಳೆಗೆ ಒಳ್ಳೆಯದು ಎಂಬ ಮಾತನ್ನೂ ಒರೆಗೆ ಹಚ್ಚಿದ್ದಾರೆ. ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೨೪೮ ಹೆಂಗಸರಲ್ಲಿ ಒಂದು ಗುಂಪಿಗೆ ದಿನಕ್ಕೆ ೨೦೦ ಮಿಲಿಗ್ರಾಂ ಸೋಯಾ ಸಾರವನ್ನು ಎರಡು ವರ್ಷ ಕೊಟ್ಟರು. ಮೂಳೆ ಸವೆಯುವುದು ನಿಲ್ಲಲಿಲ್ಲ. ಬಿಸಿ ಏರುವ ದೂರು ಸೋಯಾದವರಲ್ಲಿಯೇ ಹೆಚ್ಚಾಗಿತ್ತು!

ಇದನ್ನೆಲ್ಲ ಕೇಳಿ, ವಿಲಾಯಿತಿ ಮೂಲಿಕೆಗಳ ಮಾತಾಯಿತು, ನಮ್ಮ ಆಯುರ್ವೇದದ ಮಾತೇನು ಎಂದು ಹಿರಿಯರು ಕೇಳುತ್ತೀರಿ. ಶತಾವರಿಯನ್ನೇ ತೆಗೆದುಕೊಳ್ಳಿ. ನಮ್ಮ ಊರುಗಳಲ್ಲಿ ಅದಕ್ಕೆ ಹಲವು ಮಕ್ಕಳ ತಾಯಿ ಬೇರು ಎಂದು ಎಷ್ಟು ಚೆಂದದ ಹೆಸರಿಟ್ಟಿದ್ದಾರೆ! ಅಗೆದರೆ ಒಂದೇ ಬುಡಕ್ಕೆ ಹತ್ತಾರು ಗಡ್ಡೆಗಳು ಜೋತುಬಿದ್ದಿರುತ್ತವೆ. ಬಾಣಂತಿಗೆ ಹಾಲು ಹೆಚ್ಚಲೆಂದು ಕೊಡುವ ರೂಢಿ ತಲೆತಲಾಂತರದಿಂದ ಬಂದದ್ದು. ಅದನ್ನೂ ನಮ್ಮ ದೇಶದಲ್ಲಿಯೇ ಪರೀಕ್ಷಿಸಿದ್ದಾರೆ: ೧೯೯೬ರ ಪರೀಕ್ಷೆಯಲ್ಲಿ ಹುಸಿಮದ್ದಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ, ೨೦೧೧ರ ಇನ್ನೊಂದರಲ್ಲಿ ೬೦ ತಾಯಂದಿರನ್ನು ನೋಡಿ, ಹಾಲಿನ ಹಾರ್ಮೋನು ಏರಿತೆಂದು ಬರೆದಿದ್ದಾರೆ. ಎರಡು ಸಾಕ್ಷಿಗಳು, ಎರಡು ಹೇಳಿಕೆ. ಮುಟ್ಟು ನಿಂತವರ ವಿಷಯದಲ್ಲಿ ಕೆಂಪು ಕ್ಲೋವರಿಗೆ ನಡೆದಂಥ ದೊಡ್ಡ ಪರೀಕ್ಷೆಯ ಮೇಲೆ ನಿಂತ ಮಾತು ಆ ಡಬ್ಬಿಯ ಮೇಲೆ ಇರಲಿಲ್ಲ.

ಅಶೋಕದ ತೊಂದರೆ ಇನ್ನೊಂದು ಬಗೆಯದು. ನಿಜವಾದ ಅಶೋಕ ಪಶ್ಚಿಮ ಘಟ್ಟದ ಕಡೆ ಕಿತ್ತಳೆ ಬಣ್ಣದ ಗೊಂಚಲು ಬಿಡುವ ಮರ. ತೊಗಟೆಗಾಗಿ ಸುಲಿದು ಸುಲಿದು ಅದು ಅಪರೂಪವಾಗುತ್ತಿದೆ. ಶಾಲೆಯ ಕಂಪೌಂಡಿನಲ್ಲಿ ಕಂಬದ ಹಾಗೆ ನೆಟ್ಟಗೆ ನಿಲ್ಲುವ ಮರವನ್ನೂ ಜನ ಅಶೋಕವೆಂದೇ ಕರೆಯುತ್ತಾರೆ. ಅದು ಬೇರೆ ಕುಲದ ಮರ. ಆ ಮರದ ತೊಗಟೆಯನ್ನು ಅಶೋಕದ್ದೆಂದು ಪೇಟೆಗೆ ಬಿಡುವುದು ಬಹುಕಾಲದಿಂದ ತಿಳಿದ ಸಂಗತಿ. ಗ್ರಂಥಿಗೆ ಅಂಗಡಿಯಲ್ಲಿ ಪುಡಿಯಾಗಿ ಬಂದ ಮೇಲೆ ಯಾವುದು ಯಾವುದೆಂದು ನಮ್ಮ ನಿಮ್ಮ ಕಣ್ಣಿಗೆ ಗೊತ್ತಾಗುವುದು ಹೇಗೆ? ಶಾಸ್ತ್ರದಲ್ಲಿ ಹೇಳಿದ ಗುಣ ಸೀಸೆಯಲ್ಲಿರುವ ಬೇರೆ ಮರಕ್ಕೆ ಬರಲಾರದು. ಓದಿದ ವೈದ್ಯರು ನಾಡಿ ನೋಡಿ, ಪಥ್ಯ ಹೇಳಿ, ತಾವೇ ಕೊಡುವ ಮದ್ದಿಗೂ, ಮೊಬೈಲಿನ ಜಾಹೀರಾತು ನೋಡಿ ತರಿಸಿದ ಡಬ್ಬಿಗೂ ಇರುವ ಅಂತರವನ್ನು ಆಯುರ್ವೇದದ ಅಭಿಮಾನಿಗಳೇ ನಮಗಿಂತ ಮೊದಲು ಎತ್ತಿ ಹೇಳಬೇಕು.

ಇಲ್ಲಿಯವರೆಗೆ ಹೇಳಿದ್ದು ದುಡ್ಡು ಹೋಗುವ ಮಾತು. ದುಡ್ಡು ಹೋದರೆ ಹೋಗಲಿ ಎನ್ನಬಹುದು. ನಾವು ಈ ವಿಷಯವನ್ನು ಹಚ್ಚಿಕೊಂಡದ್ದು ಬೇರೊಂದು ಕಾರಣದಿಂದ.

ನಮ್ಮ ಬಳಗದ ಒಬ್ಬ ತಾಯಿ, ಧಾರವಾಡದ ಕಡೆಯವರು, ಮಗನ ಜೊತೆ ಠಾಣೆಯ ಕಡೆ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಮುಟ್ಟು ನಿಂತು ಎಂಟು ವರ್ಷವಾದ ಮೇಲೆ, ಐವತ್ತೆಂಟರಲ್ಲಿ, ಬಟ್ಟೆಗೆ ಒಂದು ದಿನ ಕಲೆಯಾಯಿತು. ಉಷ್ಣವಿರಬೇಕು ಎಂದುಕೊಂಡರು. ಹದಿನೈದು ದಿನ ಬಿಟ್ಟು ಮತ್ತೆ ಆಯಿತು. ‘ಹೆಂಗಸರ ಎಲ್ಲ ದೋಷಗಳಿಗೆ’ ಎಂದು ಬರೆದಿದ್ದ ಕಷಾಯದ ಸೀಸೆ ತರಿಸಿಕೊಂಡರು. ಕುಡಿಯುತ್ತಿದ್ದಾಗ ಒಂದು ತಿಂಗಳು ನಿಂತಂತಾಯಿತು, ಮತ್ತೆ ಕಂಡಿತು, ಮತ್ತೊಂದು ಸೀಸೆ ಬಂತು. ಹೀಗೆ ಏಳು ತಿಂಗಳು. ‘ಅವ್ವಾ, ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಆಮೇಲೆ ನಾವು ಕೇಳಿದಾಗ ಅವರು ಹೇಳಿದ್ದು ಇಷ್ಟೆ: ‘ಯಾರ ಮುಂದ ಹೇಳಲಿವ್ವಾ, ಮಗನ ಮುಂದ ಹೇಳ್ಲೇನು? ಸೊಸಿ ದಿನಾ ಏಳರ ಗಾಡಿಗೆ ಹೋಗ್ತಾಳ. ಡಾಕ್ಟರಿಗೆ ನನ್ನ ಮಾತು ತಿಳಿಯಂಗಿಲ್ಲ, ನನಗ ಅವರ ಮಾತು ತಿಳಿಯಂಗಿಲ್ಲ.’ ಕೊನೆಗೆ ಸೊಸೆಯೇ ಬಟ್ಟೆ ಒಗೆಯುವಾಗ ನೋಡಿ ಕರೆದುಕೊಂಡು ಹೋದಳು. ಗರ್ಭಕೋಶದ ಒಳಪದರದ ಕ್ಯಾನ್ಸರು. ಶಸ್ತ್ರಚಿಕಿತ್ಸೆಯಾಯಿತು, ಬೆಳಕಿನ ಚಿಕಿತ್ಸೆಯೂ ಬೇಕಾಯಿತು. ಏಳು ತಿಂಗಳು ಮೊದಲೇ ಬಂದಿದ್ದರೆ ಈ ಎರಡನೆಯದು ಬೇಕಾಗುತ್ತಿರಲಿಲ್ಲವೇನೋ ಎಂದರಂತೆ ಅಲ್ಲಿನವರು. ಆ ತಾಯಿ ಈಗ ಓಡಾಡಿಕೊಂಡಿದ್ದಾರೆ.

ಕಷಾಯದಿಂದ ಕ್ಯಾನ್ಸರು ಬಂತೆಂದು ನಾವು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಕಷಾಯ ಮಾಡಿದ್ದು ಒಂದೇ ಕೆಲಸ: ಡಾಕ್ಟರ ಹತ್ತಿರ ಹೋಗದೆ ಇರಲು ಒಂದು ನೆಪ ಕೊಟ್ಟಿತು. ಇಂಥ ರಕ್ತ ಕಂಡ ಹೆಂಗಸರ ಲೆಕ್ಕಗಳನ್ನು ಅನೇಕ ದೇಶಗಳಿಂದ ಕೂಡಿಸಿ ೨೦೧೮ರಲ್ಲಿ ಪ್ರಕಟಿಸಿದ್ದಾರೆ. ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಈ ಕ್ಯಾನ್ಸರು ಇರುತ್ತದೆ. ತೊಂಬತ್ತೊಂದು ಜನರಿಗೆ ಇರುವುದಿಲ್ಲ, ಇದು ಸಮಾಧಾನ. ಆದರೆ ಈ ಕ್ಯಾನ್ಸರು ಆದ ನೂರರಲ್ಲಿ ತೊಂಬತ್ತು ಮಂದಿಗೆ ರಕ್ತ ಕಂಡೇ ಇರುತ್ತದೆ. ಕಾಯಿಲೆ ತಾನಾಗಿ ಬಾಗಿಲು ತಟ್ಟುವ ಕ್ಯಾನ್ಸರುಗಳು ಕಡಮೆ, ಇದು ತಟ್ಟುತ್ತದೆ. ಒಂದು ಹನಿಯಾದರೂ ಸರಿ, ಒಂದೇ ಸಲವಾದರೂ ಸರಿ, ಆ ವಾರದಲ್ಲಿಯೇ ತೋರಿಸಬೇಕು.

ಗಿಡದ ಈಸ್ಟ್ರೊಜೆನ್ ಗರ್ಭಕೋಶಕ್ಕೆ ಏನೂ ಮಾಡುವುದಿಲ್ಲವೇ? ಇಟಲಿಯಲ್ಲಿ ೩೭೬ ಹೆಂಗಸರ ಒಂದು ಪರೀಕ್ಷೆ ನಡೆದು ೨೦೦೪ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ ೧೫೦ ಮಿಲಿಗ್ರಾಂ ಸೋಯಾ ಸಾರ, ಐದು ವರ್ಷ. ಐದು ವರ್ಷದ ಕೊನೆಗೆ ಆ ಗುಂಪಿನಲ್ಲಿ ಕೆಲವರಿಗೆ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆದಿತ್ತು, ಹುಸಿಮಾತ್ರೆಯವರಲ್ಲಿ ಒಬ್ಬರಿಗೂ ಇಲ್ಲ. ಕ್ಯಾನ್ಸರು ಯಾರಿಗೂ ಆಗಲಿಲ್ಲ. ಡಾಕ್ಟರು ಗರ್ಭಕೋಶವಿರುವ ಹೆಂಗಸಿಗೆ ಬರಿಯ ಈಸ್ಟ್ರೊಜೆನ್ ಕೊಡದೆ ಜೊತೆಗೆ ಪ್ರೊಜೆಸ್ಟಿನ್ ಕೊಡುವುದು ಈ ಬೆಳವಣಿಗೆಯನ್ನು ತಡೆಯಲಿಕ್ಕೇ. ಮೂಲಿಕೆಯ ಡಬ್ಬಿಯೊಳಗೆ ಅಂಥ ಕಾವಲುಗಾರ ಇಲ್ಲ, ಕೊಳ್ಳುವವರನ್ನು ಕೇಳುವವರೂ ಇಲ್ಲ.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇವೆ. ಥೈರಾಯ್ಡಿನ ಮಾತ್ರೆ ನುಂಗುವವರು ಅದರ ಜೊತೆಯಲ್ಲಿಯೇ ಸೋಯಾ ತೆಗೆದುಕೊಂಡರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಕೆಲವು ಗಂಟೆ ಬಿಡಬೇಕು. ಸ್ತನದ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಇಂಥ ಸಾರದ ಮಾತ್ರೆಗಳನ್ನು ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು, ಏಕೆಂದರೆ ಇಲಿಗಳ ಮೇಲಿನ ಪ್ರಯೋಗದಲ್ಲಿ ಜೆನಿಸ್ಟೈನ್ ಆ ಮದ್ದಿಗೇ ಅಡ್ಡ ಬಂದಿದೆ. ಊಟದಲ್ಲಿ ಬರುವ ಸೋಯಾಕ್ಕೆ ಆ ಭಯವಿಲ್ಲವೆಂದು ಅಮೆರಿಕದ ಕ್ಯಾನ್ಸರ್ ಸೊಸೈಟಿ ಹೇಳುತ್ತದೆ. ಜ್ಯೇಷ್ಠಮಧು ದಿನವೂ ಹೆಚ್ಚಾಗಿ ತಿಂದರೆ ರಕ್ತದೊತ್ತಡ ಏರುತ್ತದೆ. ಬ್ಲ್ಯಾಕ್ ಕೊಹಾಷ್ ತೆಗೆದುಕೊಂಡ ಕೆಲವರಿಗೆ ಪಿತ್ತಜನಕಾಂಗ ಕೆಟ್ಟ ವರದಿಗಳಿವೆ. ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಬೇಕು. ಬಾಸ್ಟನ್ ನಗರದ ಅಂಗಡಿಗಳಿಂದ ನಮ್ಮ ಕಡೆಯ ೭೦ ಮೂಲಿಕೆಯ ಮದ್ದುಗಳನ್ನು ಕೊಂಡು ಪರೀಕ್ಷಿಸಿದಾಗ ೧೪ರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣ ಸಿಕ್ಕಿತೆಂದು ೨೦೦೪ರಲ್ಲಿ ವರದಿಯಾಯಿತು.

ಚೀಟಿ ಓದುವುದನ್ನೂ ಒಂದಿಷ್ಟು ಕಲಿಯೋಣ. ಅಡ್ಡ ಪರಿಣಾಮವಿಲ್ಲವೆಂದ ಆ ನಾಲ್ಕು ಡಬ್ಬಿಗಳಲ್ಲಿ ಮೂರರ ಹಿಂಬದಿಯಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಹದಿನಾಲ್ಕು ಅಂಕಿಯ ಆಹಾರ ಲೈಸೆನ್ಸಿನ ನಂಬರಿತ್ತು. ಅದರ ಪಕ್ಕದಲ್ಲಿಯೇ ‘ಔಷಧವಾಗಿ ಬಳಸಲು ಅಲ್ಲ’ ಎಂದಿತ್ತು. ಮುಂಬದಿಯಲ್ಲಿ ರೋಗ ಪರಿಹಾರದ ಚಿತ್ರ, ಹಿಂಬದಿಯಲ್ಲಿ ಇದು ಔಷಧವೇ ಅಲ್ಲವೆಂಬ ಪ್ರಮಾಣ! ಬ್ಯಾಂಕಿನಲ್ಲಿ ಇಂಥ ಕಾಗದ ಬಂದರೆ ನಾವು ವಾಪಸು ಕಳಿಸುತ್ತೇವೆ. ಆಯುರ್ವೇದದ ಔಷಧವಾದರೆ ೧೯೪೦ರ ಔಷಧ ಕಾಯಿದೆಯಂತೆ ತಯಾರಿಕೆಯ ಲೈಸೆನ್ಸು ನಂಬರು ಇರಬೇಕು. ಸ್ತ್ರೀರೋಗಗಳನ್ನೂ ಮುಟ್ಟಿನ ದೋಷಗಳನ್ನೂ ಗುಣಪಡಿಸುತ್ತೇವೆಂದು ಜನರಿಗೆ ಜಾಹೀರಾತು ಮಾಡುವುದನ್ನು ೧೯೫೪ರ ಕಾಯಿದೆಯೊಂದು ನಿಷೇಧಿಸಿದೆ. ಎಪ್ಪತ್ತು ವರ್ಷ ದಾಟಿದ ಕಾನೂ‌ನು. ದಿನಕ್ಕೆ ಎಷ್ಟು ಸಲ ಅದು ನಮ್ಮ ಮೊಬೈಲಿನಲ್ಲಿಯೇ ಮುರಿಯುತ್ತದೆಂದು ಎಣಿಸಿದವರಿಲ್ಲ.

ಹಾಗಾದರೆ ಅಗಸೆ ಚಟ್ನಿ ಬಿಡಬೇಕೇ ಎಂದು ಹುಬ್ಬಳ್ಳಿ ಕಡೆಯ ಒಬ್ಬರು ಹೋದ ಸಲವೇ ಕೇಳಿದ್ದರು. ಬಿಡಬೇಡಿ! ರೊಟ್ಟಿಯ ಜೊತೆ ಅಗಸಿ ಹಿಂಡಿ, ಮೇಲೆ ಒಂದಿಷ್ಟು ಎಣ್ಣೆ, ಇದಕ್ಕೆ ಯಾವ ಪರೀಕ್ಷೆಯ ಅಪ್ಪಣೆಯೂ ಬೇಡ. ಊಟವನ್ನು ಊಟವಾಗಿ ತಿನ್ನುವವರೆಗೆ ನಮ್ಮ ತಕರಾರಿಲ್ಲ. ಅದರ ಸಾರವನ್ನು ಹಿಂಡಿ ಗುಂಡಿಗೆ ತುಂಬಿ ಔಷಧದ ಬೆಲೆಗೆ ಮಾರಿದಾಗ, ಔಷಧಕ್ಕೆ ಕೇಳುವ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳಬೇಕು.

ಕೊನೆಯದಾಗಿ ಭಾಷೆಯ ತೊಡಕು. ಊರಿನಲ್ಲಿದ್ದರೆ ಅಕ್ಕನೋ, ಚಿಕ್ಕಮ್ಮನೋ, ಓಣಿಯ ಸೂಲಗಿತ್ತಿಯೋ ಕಿವಿಗೊಡುತ್ತಿದ್ದರು. ಇಲ್ಲಿ ಬಾಗಿಲು ಹಾಕಿದರೆ ನಾಲ್ಕು ಗೋಡೆ. ಡಾಕ್ಟರ ಹತ್ತಿರ ಹೋದರೂ ಹಿಂದಿ ಮರಾಠಿಯಲ್ಲಿ ಈ ಮಾತುಗಳನ್ನು ಆಡುವಷ್ಟು ನಾಲಗೆ ತಿರುಗದ ತಾಯಂದಿರು ನಮ್ಮಲ್ಲಿ ಬಹಳ. ಮಗನನ್ನು ದುಭಾಷಿ ಮಾಡಿಕೊಂಡು ಹೋದವರು ‘ಕಾಲು ನೋವು’ ಎಂದಷ್ಟೇ ಹೇಳಿ ಬಂದಿದ್ದಾರೆ. ಆದುದರಿಂದ ಮಹಿಳಾ ಶಾಖೆಯವರು ಒಂದು ಚೀಟಿ ಅಚ್ಚು ಹಾಕಿಸಿದ್ದಾರೆ: ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ. ಕೊನೆಯ ಮುಟ್ಟು ಯಾವಾಗ, ಆಮೇಲೆ ರಕ್ತ ಕಂಡಿದೆಯೇ, ಬಿಸಿ ಏರುವುದು ದಿನಕ್ಕೆ ಎಷ್ಟು ಸಲ, ನಿದ್ದೆ ಹೇಗೆ, ಮೂತ್ರದ ಉರಿ ಅಥವಾ ಒಣಗುವಿಕೆ ಇದೆಯೇ, ತಾಯಿ ಅಕ್ಕತಂಗಿಯರಲ್ಲಿ ಸ್ತನದ ಕ್ಯಾನ್ಸರು ಇತ್ತೇ, ಯಾವ ಯಾವ ಮಾತ್ರೆ ಮತ್ತು ಕಷಾಯ ತೆಗೆದುಕೊಳ್ಳುತ್ತಿದ್ದೀರಿ. ಗುರುತು ಹಾಕಿ ಕೊಟ್ಟರೆ ಬಾಯಿಬಿಡುವ ಸಂಕೋಚ ಅರ್ಧ ಕಳೆಯುತ್ತದೆ. ಸೀಸೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಬೈದಾರೆಂದು ಮುಚ್ಚಿಡಬೇಡಿ.

ಜೊತೆಗೆ ಬರಲು ಮರಾಠಿ ಚೆನ್ನಾಗಿ ಬಲ್ಲ ಐದು ಜನ ಸದಸ್ಯೆಯರು ಒಪ್ಪಿದ್ದಾರೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಅವರಿಗೆ ಬಿಡುವು. ಬೇಕಾದವರು ಶಾಖೆಯ ಕಾರ್ಯದರ್ಶಿನಿಯವರಲ್ಲಿ ಹೇಳಿದರೆ ಸಾಕು, ಯಾತಕ್ಕೆಂದು ಅವರು ಕೇಳುವುದಿಲ್ಲ. ಚೀಟಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಗಂಡಸರೂ ಮನೆಗೆ ಒಂದೊಂದು ತೆಗೆದುಕೊಂಡು ಹೋಗಬಹುದು.